ಮುಂದಿನ ಎಸೆತಕ್ಕೆ ಮರಳುವ ಮನಸ್ಸು

2019ರ ಜುಲೈ 14. ವಿಂಬಲ್ಡನ್ ಪುರುಷರ ಫೈನಲ್‌ನ ಐದನೇ ಸೆಟ್. ರೋಜರ್ ಫೆಡರರ್ 8-7ರಿಂದ ಮುಂದಿದ್ದಾರೆ, ಸರ್ವ್ ಅವರದೇ, ಅಂಕ 40-15. ಒಂದೇ ಒಂದು ಪಾಯಿಂಟ್ ಸಿಕ್ಕರೆ ಪಂದ್ಯ ಅವರದು, ಅದಕ್ಕೆ ಕೈಯಲ್ಲಿ ಎರಡು ಅವಕಾಶ. ಸೆಂಟರ್ ಕೋರ್ಟ್‌ನ ಬಹುಪಾಲು ಜನ ಫೆಡರರ್ ಹೆಸರನ್ನೇ ಕೂಗುತ್ತಿದ್ದಾರೆ. ನೆಟ್‌ನ ಆಚೆ ನಿಂತಿದ್ದ ನೊವಾಕ್ ಜೊಕೊವಿಚ್ ಆ ಎರಡೂ ಪಾಯಿಂಟ್ ಉಳಿಸಿಕೊಂಡರು, ಕೊನೆಗೆ ಟೈಬ್ರೇಕ್‌ನಲ್ಲಿ 13-12ರಿಂದ ಸೆಟ್ಟನ್ನೂ ಪಂದ್ಯವನ್ನೂ ಗೆದ್ದರು. ಆಟ ನಡೆದದ್ದು 4 ಗಂಟೆ 57 ನಿಮಿಷ. ಒಟ್ಟು ಪಾಯಿಂಟ್‌ಗಳನ್ನು ಕೂಡಿ ನೋಡಿದರೆ ಫೆಡರರ್ ಗಳಿಸಿದ್ದು 218, ಜೊಕೊವಿಚ್ 204. ಹೆಚ್ಚು ಚೆನ್ನಾಗಿ ಆಡಿದವರು ಸೋತರು ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ಆ ಪಂದ್ಯದ ಹಣೆಬರಹ ಬರೆದದ್ದು ಬೆರಳೆಣಿಕೆಯ ಕೆಲವು ಕ್ಷಣಗಳು.

ಜನ ‘ರೋಜರ್’ ಎಂದು ಕೂಗಿದಾಗ ತನ್ನ ಕಿವಿಗೆ ಅದು ‘ನೊವಾಕ್’ ಎಂದು ಕೇಳುತ್ತಿತ್ತು ಎಂದು ಆಮೇಲೆ ಜೊಕೊವಿಚ್ ಹೇಳಿದ್ದನ್ನು ಪತ್ರಿಕೆಗಳೆಲ್ಲ ಬರೆದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು 2023ರಲ್ಲಿ ಅಮೆರಿಕದ ಟಿವಿ ಸಂದರ್ಶನವೊಂದರಲ್ಲಿ ಅವರು ಆಡಿದ ಮಾತು. ಮನೋಬಲ ನಿಮಗೆ ಹುಟ್ಟಿನಿಂದ ಬಂದ ವರ ಅಲ್ಲವೇ ಎಂಬ ಧಾಟಿಯಲ್ಲಿ ಪ್ರಶ್ನೆ ಬಂದಾಗ ಅವರು ಒಪ್ಪಲಿಲ್ಲ. ದುಡಿದು ಗಳಿಸಿದ್ದು ಎಂದರು. ಅನುಮಾನ, ಸಿಟ್ಟು, ಭಯ ತನಗೂ ಬರುತ್ತವೆ, ಅವು ಬಂದಾಗ ಬಂದಿವೆ ಎಂದು ಒಪ್ಪಿಕೊಂಡು ಉಸಿರಿನ ಕಡೆ ಗಮನ ತಂದು ಮತ್ತೆ ಆಟಕ್ಕೆ ಮರಳುತ್ತೇನೆ, ಮೇಲಿನ ಹಂತದ ಆಟಗಾರರಲ್ಲಿ ವ್ಯತ್ಯಾಸ ಇರುವುದು ಆ ಭಾವದೊಳಗೆ ಎಷ್ಟು ಹೊತ್ತು ಉಳಿಯುತ್ತೀರಿ ಅನ್ನುವುದರಲ್ಲಿ ಎಂಬುದು ಅವರ ಉತ್ತರದ ಸಾರ.

ಕ್ರೀಡಾಪಟುಗಳಿಗೆ ಕೊಡುವ ಮೈಂಡ್‌ಫುಲ್‌ನೆಸ್ ತರಬೇತಿಯ ತಿರುಳು ಇದೇ. ನಮ್ಮಲ್ಲಿ ಆ ಪದ ಕಿವಿಗೆ ಬಿದ್ದರೆ ಕಣ್ಣುಮುಚ್ಚಿ ಕುಳಿತ ಪ್ರಶಾಂತ ಮುಖವೊಂದು ನೆನಪಾಗುತ್ತದೆ. ಯೋಚನೆಯೇ ಇಲ್ಲದ ಖಾಲಿ ಮನಸ್ಸು, ಅಲುಗಾಡದ ಶಾಂತಿ. ಅದನ್ನೇ ಗುರಿಯಾಗಿಟ್ಟುಕೊಂಡು ಕುಳಿತ ಆಟಗಾರ ಎರಡನೇ ನಿಮಿಷಕ್ಕೇ ‘ನನ್ನ ಕೈಲಾಗದು’ ಎಂದು ಎದ್ದುಬಿಡುತ್ತಾನೆ, ಯಾಕೆಂದರೆ ಮನಸ್ಸು ಖಾಲಿಯಾಗುವುದೇ ಇಲ್ಲ. ತರಬೇತಿ ಕೇಳುವುದು ಬೇರೆಯದನ್ನು. ಉಸಿರನ್ನೋ ಪಾದಕ್ಕೆ ನೆಲ ತಾಗುವುದನ್ನೋ ಗಮನಿಸು. ಗಮನ ಜಾರುತ್ತದೆ. ಜಾರಿತು ಎಂದು ಗೊತ್ತಾದ ಕೂಡಲೇ ನಿನ್ನನ್ನು ನೀನು ಬೈದುಕೊಳ್ಳದೆ ವಾಪಸ್ ತಾ. ಮತ್ತೆ ಜಾರುತ್ತದೆ, ಮತ್ತೆ ತಾ. ಜಾರುವುದು ಸೋಲಲ್ಲ. ಜಿಮ್‌ನಲ್ಲಿ ಡಂಬೆಲ್ ಇಳಿಯದಿದ್ದರೆ ಎತ್ತುವುದಕ್ಕೆ ಏನೂ ಇರುವುದಿಲ್ಲವಲ್ಲ, ಹಾಗೆ. ಗೊತ್ತಾಗುವ ಆ ಕ್ಷಣ ಮತ್ತು ಮರಳುವ ಆ ಚಲನೆ, ಇವೆರಡನ್ನು ದಿನವೂ ನೂರಾರು ಬಾರಿ ಮಾಡಿದವನಿಗೆ ಪಂದ್ಯದ ನಡುವೆ ಅದು ತಾನಾಗಿ ಒದಗಿಬರುತ್ತದೆ.

ಆಧುನಿಕ ಕ್ರೀಡೆಗೆ ಇದು ಬಂದ ದಾರಿ ಆಸ್ಪತ್ರೆಯಿಂದ. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ವಾಸಿಯಾಗದ ನೋವಿನ ರೋಗಿಗಳಿಗಾಗಿ ಒಂದು ತರಬೇತಿ ಶುರುಮಾಡಿದರು. ಬೌದ್ಧ ಧ್ಯಾನದಿಂದ ಅಭ್ಯಾಸವನ್ನು ತೆಗೆದುಕೊಂಡು ಧಾರ್ಮಿಕ ಚೌಕಟ್ಟನ್ನು ಬಿಟ್ಟರು. ಔಷಧಿ ಸೋತ ಕಡೆ, ನೋವಿನ ಜೊತೆ ಬದುಕುವುದನ್ನು ಕಲಿಸುವುದು ಅವರ ಉದ್ದೇಶವಾಗಿತ್ತು. ಕೆಲವೇ ವರ್ಷಗಳಲ್ಲಿ ಅದೇ ತರಬೇತಿ ಅಮೆರಿಕದ ಕಾಲೇಜು ಮತ್ತು ಒಲಿಂಪಿಕ್ಸ್ ರೋಯಿಂಗ್ ಪಟುಗಳನ್ನು ತಲುಪಿತು. 1984ರ ಲಾಸ್ ಏಂಜಲೀಸ್ ಕೂಟದಲ್ಲಿ ಪದಕ ಗೆದ್ದ ಕೆಲವರು ಅದು ತಮಗೆ ನೆರವಾಯಿತು ಎಂದರು. 1985ರಲ್ಲಿ ಕಬಟ್-ಜಿನ್ ಮತ್ತು ಸಂಗಡಿಗರು ಆ ಅನುಭವವನ್ನು ಕೋಪನ್‌ಹೇಗನ್‌ನ ಕ್ರೀಡಾ ಮನೋವಿಜ್ಞಾನ ಸಮ್ಮೇಳನದಲ್ಲಿ ಮಂಡಿಸಿದರು.

ನೋವಿನ ರೋಗಿಗಳಿಂದ ನೇರವಾಗಿ ದೋಣಿಯ ಹುಟ್ಟು ಹಾಕುವವರಿಗೆ? ವಿಚಿತ್ರ ಎನಿಸಬಹುದು. ಆದರೆ 2,000 ಮೀಟರ್ ರೋಯಿಂಗ್‌ನ ಕೊನೆಯ ಕಾಲುಭಾಗದಲ್ಲಿ ತೊಡೆ, ಬೆನ್ನು, ಶ್ವಾಸಕೋಶ ಎಲ್ಲ ಒಟ್ಟಿಗೆ ಉರಿಯುತ್ತವೆ. ಆ ಉರಿ ಒಂದು. ‘ಇನ್ನು ಆಗಲ್ಲ, ಪಕ್ಕದ ದೋಣಿ ಮುಂದೆ ಹೋಯಿತು, ನಾಲ್ಕು ವರ್ಷ ನೀರುಪಾಲು’ ಎಂದು ಮನಸ್ಸು ಅದರ ಮೇಲೆ ಕಟ್ಟುವ ಕಥೆ ಇನ್ನೊಂದು. ಉರಿಯನ್ನು ಯಾವ ತರಬೇತಿಯೂ ಕಳೆಯದು. ಕಥೆ ಶುರುವಾಯಿತು ಎಂಬುದನ್ನು ಹಿಡಿಯಬಹುದು, ಹಿಡಿದು ಕೈಯಲ್ಲಿರುವ ಹುಟ್ಟಿನ ಎಳೆತಕ್ಕೆ ಮರಳಬಹುದು. ಆಸ್ಪತ್ರೆಯ ರೋಗಿಗೂ ಕಲಿಸಿದ್ದು ಇಷ್ಟನ್ನೇ.

ಜಾರ್ಜ್ ಮಮ್‌ಫರ್ಡ್ ಈ ಕಥೆಯಲ್ಲಿ ನನಗೆ ಅತ್ಯಂತ ಹತ್ತಿರವಾದ ವ್ಯಕ್ತಿ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮುಂದೆ ದಂತಕಥೆಯಾದ ಜೂಲಿಯಸ್ ಅರ್ವಿಂಗ್ ಜೊತೆ ಒಂದೇ ಕೋಣೆಯಲ್ಲಿದ್ದವರು. ಗಾಯಗಳು ಆಟವನ್ನು ಕಸಿದುಕೊಂಡವು, ನೋವು ಮರೆಯಲು ಹಿಡಿದ ದಾರಿ ಹೆರಾಯಿನ್ ತನಕ ಹೋಯಿತು. ಚಟ ಬಿಟ್ಟು ಕಬಟ್-ಜಿನ್ ಬಳಿ ಧ್ಯಾನ ಕಲಿತು, ಅದನ್ನು ಜೈಲುಗಳಲ್ಲಿ ಕೈದಿಗಳಿಗೆ ಕಲಿಸಿದರು. 1993ರಲ್ಲಿ ಷಿಕಾಗೊ ಬುಲ್ಸ್ ತಂಡದ ಕೋಚ್ ಫಿಲ್ ಜಾಕ್ಸನ್ ಅವರನ್ನು ಕರೆಸಿದರು. ಮೈಕೆಲ್ ಜೋರ್ಡಾನ್ ದಿಢೀರನೆ ನಿವೃತ್ತಿ ಘೋಷಿಸಿ ತಂಡ ಕಂಗಾಲಾಗಿದ್ದ ಹೊತ್ತು ಅದು. ಆರೂವರೆ, ಏಳಡಿ ಎತ್ತರದ ಕೋಟ್ಯಧಿಪತಿ ಆಟಗಾರರು ಕುಳಿತು ಉಸಿರು ಗಮನಿಸುವುದನ್ನು ಕಲಿತರು. ಜಾಕ್ಸನ್ ಒಮ್ಮೊಮ್ಮೆ ಮಾತೇ ಇಲ್ಲದ ಅಭ್ಯಾಸ ನಡೆಸುತ್ತಿದ್ದರು, ದೀಪ ಆರಿಸಿ ಆಡಿಸುತ್ತಿದ್ದರು. ಕೋಚ್ ಆಗಿ ಜಾಕ್ಸನ್ ಗೆದ್ದ ಎನ್‌ಬಿಎ ಕಿರೀಟಗಳು ಹನ್ನೊಂದು. ಅವುಗಳಲ್ಲಿ ಮೊದಲ ಮೂರು ಮಮ್‌ಫರ್ಡ್ ಬರುವ ಮೊದಲೇ ಬಂದವು, ಜೋರ್ಡಾನ್‌ನಂಥ ಆಟಗಾರ ಇದ್ದ ತಂಡ ಧ್ಯಾನದಿಂದ ಗೆದ್ದಿತು ಎನ್ನುವುದು ಅತಿಯಾದ ಮಾತು. ಆದರೆ ಆಟದ ಗದ್ದಲದ ನಡುವೆ ಇದಕ್ಕೆ ಜಾಗ ಇದೆ ಎಂದು ಉಳಿದ ಕೋಚ್‌ಗಳು ನಂಬುವುದಕ್ಕೆ ಆ ತಂಡ ಕಾರಣವಾಯಿತು.

ನಮ್ಮ ಮೈದಾನಗಳ ಕಡೆ ಬರೋಣ. ಜಿಲ್ಲಾ ಮಟ್ಟದ ಯಾವ ಕೂಟಕ್ಕೆ ಹೋದರೂ ಗೆರೆಯಾಚೆಯಿಂದ ಕೇಳುವ ಮಾತು ‘ಟೆನ್ಷನ್ ಮಾಡ್ಕೋಬೇಡ’. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ಕೆಲಸಕ್ಕೆ ಬಾರದ ಸೂಚನೆ, ಎಷ್ಟೋ ಸಲ ಹಾನಿಯನ್ನೇ ಮಾಡುತ್ತದೆ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು: ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದರು. ಜನರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು. ಒಂದು ಯೋಚನೆಯನ್ನು ದೂರವಿಡಬೇಕಾದರೆ ಅದು ಬಂತೇ ಎಂದು ಮನಸ್ಸಿನ ಒಂದು ಭಾಗ ಕಾವಲು ಕಾಯಬೇಕು, ಆ ಕಾವಲೇ ಅದನ್ನು ಕರೆತರುತ್ತದೆ. ಹತ್ತು ವರ್ಷಗಳ ಮೇಲೆ ವೆಗ್ನರ್ ಇದನ್ನು ಗಾಲ್ಫ್‌ಗೆ ಹಚ್ಚಿ ನೋಡಿದರು. ಚೆಂಡು ಗುರಿ ದಾಟಿ ಹೋಗಬಾರದು ಎಂದು ಎಚ್ಚರಿಸಿ, ಜೊತೆಗೆ ತಲೆಗೆ ಬೇರೊಂದು ಹೊರೆ ಹೊರಿಸಿದಾಗ, ಚೆಂಡು ಗುರಿ ದಾಟುವ ಪ್ರವೃತ್ತಿಯೇ ಹೆಚ್ಚಿತು. ಕೊನೆಯ ರೈಡ್‌ಗೆ ಹೋಗುತ್ತಿರುವ ಕಬಡ್ಡಿ ಹುಡುಗಿಗೆ ‘ಬೋನಸ್ ಲೈನ್ ಹತ್ತಿರ ಮಾತ್ರ ಎಡವಬೇಡ’ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಇದರ ಬೆನ್ನಿಗೇ ಇನ್ನೊಂದು ತೊಡಕಿದೆ. ಗಮನವಿಡು ಎಂದರೆ ಎಲ್ಲಿ ಇಡಬೇಕು? ನುರಿತ ಗಾಲ್ಫ್ ಆಟಗಾರರಿಗೆ ತಮ್ಮ ಕೈ ಬೀಸುವ ಕ್ರಮವನ್ನೇ ಹಂತಹಂತವಾಗಿ ಗಮನಿಸಲು ಹೇಳಿದಾಗ ಆಟ ಕೆಟ್ಟಿತು, ಹೊಸಬರಿಗೆ ಹಾಗಾಗಲಿಲ್ಲ ಎಂಬುದನ್ನು ಸಯನ್ ಬೈಲಾಕ್ ಅವರ ಪ್ರಯೋಗಗಳು ತೋರಿಸಿವೆ. ವರ್ಷಗಟ್ಟಲೆ ತಿದ್ದಿ ಮೈಗೂಡಿದ ಚಲನೆಯನ್ನು ಒತ್ತಡದ ಕ್ಷಣದಲ್ಲಿ ಬಿಡಿಬಿಡಿಯಾಗಿ ಬಿಚ್ಚಲು ಹೋದರೆ ಅದು ತೊದಲುತ್ತದೆ. ದೊಡ್ಡ ಪಂದ್ಯದಲ್ಲಿ ಕೈಕೊಡುವುದು ಎಂದು ನಾವು ಕರೆಯುವುದರ ಒಂದು ಮುಖ್ಯ ಕಾರಣ ಇದು. ಮೈಂಡ್‌ಫುಲ್‌ನೆಸ್ ಕೆಟ್ಟದಾಗಿ ಕಲಿಸಿದರೆ ಇದೇ ಗುಂಡಿಗೆ ಆಟಗಾರನನ್ನು ದೂಡುತ್ತದೆ: ಮೊಣಕೈ ಗಮನಿಸು, ಮಣಿಕಟ್ಟು ಗಮನಿಸು. ಒಳ್ಳೆಯ ತರಬೇತಿ ಹೇಳುವುದು ಚಲನೆಯ ಮೇಲೆ ಪೊಲೀಸುಗಿರಿ ಮಾಡು ಎಂದಲ್ಲ. ಆಗುತ್ತಿರುವುದನ್ನು ಆಗಲು ಬಿಟ್ಟು, ಚೆಂಡೋ ಗುರಿಯೋ ಎದುರಾಳಿಯೋ ಏನು ಮುಂದಿದೆಯೋ ಅದರ ಜೊತೆ ಇರು ಎಂದು.

ಇದನ್ನು ಅತಿ ಹತ್ತಿರದಿಂದ ನೋಡಬೇಕಾದರೆ ಶೂಟಿಂಗ್ ರೇಂಜ್‌ಗೆ ಹೋಗಬೇಕು. 10 ಮೀಟರ್ ಏರ್ ರೈಫಲ್‌ನ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಹಾರುವ ಗುಂಡೇ 4.5 ಮಿಲಿಮೀಟರ್ ಇದೆ. ರೈಫಲ್ ಎತ್ತಿ, ಕೆನ್ನೆಯನ್ನು ಅದರ ಹಿಡಿಗೆ ಆನಿಸಿ, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ತೋರುಬೆರಳು ಟ್ರಿಗರ್ ಮೇಲೆ ಭಾರ ಹಾಕುವ ಆ ಕೆಲವು ಸೆಕೆಂಡುಗಳಲ್ಲಿ ನಾಡಿಯ ಬಡಿತವೂ ನಳಿಕೆಯನ್ನು ಅಲುಗಿಸಬಲ್ಲದು. ‘ಇದು ಬಿದ್ದರೆ ಪದಕ’ ಎಂಬ ಯೋಚನೆ ಸುಳಿದರೆ ಭುಜ ಕೂದಲೆಳೆಯಷ್ಟು ಬಿಗಿಯುತ್ತದೆ, ಬೆರಳು ಅವಸರಿಸುತ್ತದೆ ಅಥವಾ ಹಿಂಜರಿಯುತ್ತದೆ. ಅಂಥ ಹೊತ್ತಿನಲ್ಲಿ ಅನುಭವಿ ಶೂಟರ್ ಮಾಡುವ ಒಂದು ಕೆಲಸ ಪ್ರೇಕ್ಷಕರಿಗೆ ಏನೂ ಅಲ್ಲ ಅನಿಸುತ್ತದೆ. ಆಕೆ ಗುಂಡು ಹಾರಿಸದೆ ರೈಫಲ್ ಇಳಿಸುತ್ತಾಳೆ. ಒಂದು ಉಸಿರು. ಮತ್ತೆ ಮೊದಲಿನಿಂದ. ಗಡಿಯಾರ ಓಡುತ್ತಿರುವಾಗ ಇಳಿಸಲು ಧೈರ್ಯ ಬೇಕು, ಅದಕ್ಕೂ ಮೊದಲು ಮನಸ್ಸು ಜಾರಿದೆ ಎಂಬುದು ಬೆರಳು ಒತ್ತುವ ಮುಂಚೆ ಗೊತ್ತಾಗಬೇಕು. ಮೈಂಡ್‌ಫುಲ್‌ನೆಸ್ ಆಟಕ್ಕೆ ಏನು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುವೆ, ಇಳಿದ ಆ ರೈಫಲನ್ನು.

2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ನಿಂತಾಗ ಫಿನ್ಲೆಂಡ್‌ನ ಹೆನ್ರಿ ಹ್ಯಾಕಿನೆನ್ ಜೊತೆ ಸಮಬಲದಲ್ಲಿದ್ದರು. ಬಿಂದ್ರಾ ಹೊಡೆದದ್ದು 10.8. ಹ್ಯಾಕಿನೆನ್ 9.7ಕ್ಕೆ ಇಳಿದು ಕಂಚಿಗೆ ಜಾರಿದರು. ಅದಕ್ಕೆ ನಾಲ್ಕು ವರ್ಷ ಮೊದಲು ಅಥೆನ್ಸ್‌ನಲ್ಲಿ ಅರ್ಹತಾ ಸುತ್ತಿನಲ್ಲಿ ಮೂರನೆಯವರಾಗಿದ್ದ ಬಿಂದ್ರಾ ಫೈನಲ್‌ನಲ್ಲಿ ಏಳನೆಯವರಾಗಿದ್ದರು. ನಡುವಿನ ನಾಲ್ಕು ವರ್ಷ ಅವರು ಮನಸ್ಸಿನ ತರಬೇತಿಯನ್ನು ರೈಫಲ್‌ ತರಬೇತಿಯಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದರು. ಅವರು ಮಾಡಿದ್ದೆಲ್ಲವೂ ಮೈಂಡ್‌ಫುಲ್‌ನೆಸ್ ಎಂದು ನಾನು ಹೇಳುತ್ತಿಲ್ಲ. ಮನು ಭಾಕರ್ ವಿಷಯವೂ ಹಾಗೆಯೇ. 2021ರಲ್ಲಿ ಟೋಕಿಯೊದಲ್ಲಿ ಅರ್ಹತಾ ಸುತ್ತಿನ ಮಧ್ಯೆ ಪಿಸ್ತೂಲ್ ಕೈಕೊಟ್ಟು ಫೈನಲ್ ತಪ್ಪಿಸಿಕೊಂಡವರು, 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಮೊದಲ ಪದಕದ ನಂತರ ಗೀತೆಯ ಓದನ್ನು ನೆನೆದು, ಫಲವನ್ನು ಬಿಟ್ಟು ಮಾಡಬೇಕಾದ ಕೆಲಸದಲ್ಲಿ ಮನಸ್ಸಿಟ್ಟಿದ್ದೆ ಎಂಬರ್ಥದಲ್ಲಿ ಮಾತಾಡಿದರು. ದಾರಿ ಬೇರೆ, ತಲುಪಿದ ಜಾಗ ಬಹಳ ದೂರದ್ದಲ್ಲ.

ಸಂಶೋಧನೆ ಏನು ಹೇಳುತ್ತದೆ? ಇಲ್ಲಿ ಉತ್ಸಾಹವನ್ನು ಸ್ವಲ್ಪ ತಗ್ಗಿಸಬೇಕು. ಕಳೆದ ಎರಡು ದಶಕಗಳಲ್ಲಿ ಕ್ರೀಡೆಗೆಂದೇ ಎರಡು ಮುಖ್ಯ ಪದ್ಧತಿಗಳು ರೂಪುಗೊಂಡವು. 2004ರಲ್ಲಿ ಫ್ರಾಂಕ್ ಗಾರ್ಡ್‌ನರ್ ಮತ್ತು ಜೆಲ್ಲಾ ಮೂರ್ ಮುಂದಿಟ್ಟ ಪದ್ಧತಿ ಅಂದಿನ ಕ್ರೀಡಾ ಮನೋವಿಜ್ಞಾನಕ್ಕೆ ಎದುರಾಗಿ ನಿಂತಿತು. ಚೆನ್ನಾಗಿ ಆಡಲು ಮೊದಲು ಭಯ ಹೋಗಬೇಕು, ಆತ್ಮವಿಶ್ವಾಸ ಬರಬೇಕು ಎಂಬ ನಂಬಿಕೆಯನ್ನೇ ಅವರು ಪ್ರಶ್ನಿಸಿದರು. ಭಯ ಇದ್ದುಕೊಂಡೇ ಚೆನ್ನಾಗಿ ಆಡಬಹುದು, ಅದನ್ನು ಓಡಿಸುವ ಜಗಳದಲ್ಲಿ ಶಕ್ತಿ ಕಳೆಯಬೇಡಿ ಎಂಬುದು ಅವರ ನಿಲುವು. ಕೀತ್ ಕಾಫ್‌ಮನ್, ಕ್ಯಾರಲ್ ಗ್ಲಾಸ್ ಮೊದಲಾದವರ ಇನ್ನೊಂದು ಪದ್ಧತಿಯನ್ನು 2009ರಲ್ಲಿ ಬಿಲ್ಲುಗಾರರು ಮತ್ತು ಗಾಲ್ಫ್ ಆಟಗಾರರ ಮೇಲೆ ಪರೀಕ್ಷಿಸಲಾಯಿತು. ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ತಿನ್ನುವುದರಿಂದ ಶುರು. ಕುಳಿತು, ಆಮೇಲೆ ಯೋಗಾಸನದಲ್ಲಿ, ಆಮೇಲೆ ನಡೆಯುತ್ತಾ, ಕೊನೆಗೆ ಆಟದ ಚಲನೆಯಲ್ಲೇ ಅದೇ ಎಚ್ಚರ. ಸುಮ್ಮನಿರುವಾಗ ಕಲಿತದ್ದನ್ನು ಓಟಕ್ಕೆ ದಾಟಿಸುವ ಈ ಸೇತುವೆ ನನಗೆ ತುಂಬ ಮುಖ್ಯವೆನಿಸುತ್ತದೆ. ಅದಿಲ್ಲದಿದ್ದರೆ ಮ್ಯಾಟಿನ ಮೇಲೆ ಕಲಿತದ್ದು ಮ್ಯಾಟಿನ ಮೇಲೇ ಉಳಿಯುತ್ತದೆ.

2017ರಲ್ಲಿ ಬೂಲ್‌ಮೇಯರ್ ಮತ್ತು ಸಂಗಡಿಗರು ಲಭ್ಯವಿದ್ದ ಪ್ರಯೋಗಗಳನ್ನು ಕೂಡಿಸಿ ವಿಶ್ಲೇಷಿಸಿದರು. ಒಂಬತ್ತು ಪ್ರಯೋಗಗಳು, ಒಟ್ಟು 290 ಕ್ರೀಡಾಪಟುಗಳು. ಶೂಟಿಂಗ್ ಮತ್ತು ಡಾರ್ಟ್ಸ್‌ನಂಥ ಗುರಿಯ ಆಟಗಳಲ್ಲಿ ಫಲಿತಾಂಶ ಸ್ಪಷ್ಟವಾಗಿ ಸುಧಾರಿಸಿತ್ತು. 2019ರಲ್ಲಿ ಮೈಕೆಲ್ ನೊಟೆಲ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಬಲೆ ಬೀಸಿ 66 ಅಧ್ಯಯನಗಳನ್ನು ಪರಿಶೀಲಿಸಿದಾಗ ಸೂಚನೆಗಳು ಒಳ್ಳೆಯ ದಿಕ್ಕಿನಲ್ಲಿದ್ದರೂ ಪುರಾವೆಯ ಗುಣಮಟ್ಟ ತೀರ ಸಾಧಾರಣ ಎಂದರು. ಸಣ್ಣ ಗುಂಪುಗಳು, ಹೋಲಿಕೆಯ ಗುಂಪೇ ಇಲ್ಲದ ಪ್ರಯೋಗಗಳು, ತರಬೇತಿ ಪಡೆದವನು ತಾನೇ ‘ಸುಧಾರಿಸಿದ್ದೇನೆ’ ಎಂದು ತುಂಬಿಕೊಟ್ಟ ಪ್ರಶ್ನಾವಳಿಗಳು. ಗುರಿಯ ಆಟದಲ್ಲಿ ಲಾಭ ಕಾಣುವುದು ಸಹಜ. ಅಲ್ಲಿ ಆಟಗಾರನೇ ಆರಂಭಿಸುತ್ತಾನೆ, ಎದುರಾಳಿ ಮೈಮೇಲೆ ಬೀಳುವುದಿಲ್ಲ, ಅಂಕವನ್ನು ಯಂತ್ರ ಅಳೆಯುತ್ತದೆ. ಫುಟ್‌ಬಾಲ್, ಹಾಕಿಯಲ್ಲಿ ಒಬ್ಬರ ಎಚ್ಚರ ಗೋಲಾಗಿ ಹೇಗೆ ಬದಲಾಯಿತು ಎಂದು ಬೇರ್ಪಡಿಸಿ ತೋರಿಸುವುದು ಬಹಳ ಕಷ್ಟ.

ಎರಡು ಅಧ್ಯಯನಗಳು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿವೆ. ಒಂದು, ಅಮೆರಿಕದ ಬಿಎಂಎಕ್ಸ್ ಸೈಕಲ್ ತಂಡದ ಏಳು ಸವಾರರ ಮೇಲೆ ಸ್ಯಾನ್ ಡಿಯಾಗೊದಲ್ಲಿ ನಡೆದದ್ದು, 2015ರಲ್ಲಿ ಪ್ರಕಟವಾಯಿತು. ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಉಸಿರೆಳೆಯುವುದನ್ನು ಕಷ್ಟವಾಗಿಸುವ ಕೊಳವೆಯೊಂದನ್ನು ಬಾಯಿಗೆ ಕೊಟ್ಟರು. ಉಸಿರು ಬಿಗಿಯಲಿದೆ ಎಂಬ ಸೂಚನೆ ಮೊದಲು ಬರುತ್ತದೆ, ಆಮೇಲೆ ಬಿಗಿಯುತ್ತದೆ. ತರಬೇತಿಯ ನಂತರ, ಕಷ್ಟ ಬರಲಿದೆ ಎಂಬ ಸೂಚನೆ ಸಿಕ್ಕ ಹೊತ್ತಿನಲ್ಲಿ, ದೇಹದ ಒಳಸ್ಥಿತಿಯನ್ನು ಅರಿಯುವ ಮಿದುಳಿನ ಇನ್ಸುಲಾ ಭಾಗ ಹೆಚ್ಚು ಚುರುಕಾಗಿತ್ತು. ಏಳು ಜನರಿಂದ ದೊಡ್ಡ ತೀರ್ಮಾನಕ್ಕೆ ಬರುವಂತಿಲ್ಲ. ಆದರೂ ಕಷ್ಟವನ್ನು ಮುಂಚೆಯೇ ಮೈಯಲ್ಲಿ ಗುರುತಿಸುವುದನ್ನು ಕಲಿಯಬಹುದು ಎಂಬ ಆ ಸೂಚನೆ ಬಿಟ್ಟುಬಿಡುವಂಥದ್ದಲ್ಲ. ಇನ್ನೊಂದು 2017ರಲ್ಲಿ ಪ್ರಕಟವಾದ, ಮಿಯಾಮಿ ವಿಶ್ವವಿದ್ಯಾಲಯದಲ್ಲಿ ಅಮಿಶಿ ಝಾ ಅವರ ತಂಡ ನಡೆಸಿದ ಅಧ್ಯಯನ. ಕಾಲೇಜು ಅಮೆರಿಕನ್ ಫುಟ್‌ಬಾಲ್ ಆಡುವ 100 ಹುಡುಗರು, ಋತುವಿಗೆ ಮುಂಚಿನ ನಾಲ್ಕು ವಾರಗಳ ಕಠಿಣ ಅಭ್ಯಾಸ. ಕೆಲವರಿಗೆ ಮೈಂಡ್‌ಫುಲ್‌ನೆಸ್, ಕೆಲವರಿಗೆ ಮೈಸಡಿಲಿಸುವ ವಿಶ್ರಾಂತಿ ತರಬೇತಿ. ದಣಿವು ಹೆಚ್ಚಿದಂತೆ ಎಲ್ಲರ ಏಕಾಗ್ರತೆಯೂ ಕುಸಿಯಿತು. ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ನಿಷ್ಠೆಯಿಂದ ಹೆಚ್ಚು ಮಾಡಿದವರಲ್ಲಿ ಕುಸಿತ ಕಡಿಮೆ ಇತ್ತು. ಗಮನವನ್ನು ಅದು ಏರಿಸಲಿಲ್ಲ, ಬೀಳುವುದನ್ನು ತಡೆಹಿಡಿಯಿತು. ಪಂದ್ಯದ ಕೊನೆಯ ಹತ್ತು ನಿಮಿಷ ನೋಡಿದವರಿಗೆ ಇದರ ಬೆಲೆ ಗೊತ್ತು.

ಎರಡು ಎಸೆತಗಳ ನಡುವಿನ ಬಿಡುವಿನ ಬಗ್ಗೆ ಯೋಚಿಸುವಾಗೆಲ್ಲ ನನಗೆ ನಮ್ಮ ರಾಹುಲ್ ದ್ರಾವಿಡ್ ಅವರ ಲೆಕ್ಕ ಎದುರಿಗೆ ಬರುತ್ತದೆ. ಟೆಸ್ಟ್ ಜೀವನದಲ್ಲಿ ಅವರು ಎದುರಿಸಿದ್ದು 31,258 ಎಸೆತ, ಕ್ರೀಸಿನಲ್ಲಿ ಕಳೆದದ್ದು 44,152 ನಿಮಿಷ, ಅಂದರೆ ಸುಮಾರು 736 ಗಂಟೆ. ಬೌಲರ್‌ನ ಓಟದ ಕೊನೆಯ ಹೆಜ್ಜೆಗಳಿಂದ ಬ್ಯಾಟ್‌ಗೆ ಚೆಂಡು ತಾಗುವ ತನಕ ಒಂದು ಎಸೆತಕ್ಕೆ ಆರು ಸೆಕೆಂಡಿನ ತೀಕ್ಷ್ಣ ಗಮನ ಬೇಕು ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 52 ಗಂಟೆ. ಉಳಿದ 680ಕ್ಕೂ ಹೆಚ್ಚು ಗಂಟೆ? ಆಚೆ ತುದಿಯಲ್ಲಿ ನಿಂತದ್ದು, ಗ್ಲೌಸ್ ಸರಿಮಾಡಿದ್ದು, ಪಿಚ್ ತಟ್ಟಿದ್ದು, ಫೀಲ್ಡರುಗಳ ಮಾತು ಕೇಳಿಸಿಕೊಂಡದ್ದು, ಹಿಂದಿನ ಎಸೆತ ಅಂಚಿಗೆ ತಾಗಿಯೂ ತಾಗದಂತೆ ಹೋದದ್ದನ್ನು ಮನಸ್ಸಿನಲ್ಲಿ ಸುತ್ತಿಸಿಕೊಳ್ಳದೆ ಇದ್ದದ್ದು. ದ್ರಾವಿಡ್ ಧ್ಯಾನ ಮಾಡಿ ರನ್ ಹೊಡೆದರು ಎಂಬ ವಾದ ನನ್ನದಲ್ಲ. ಆ 680 ಗಂಟೆಗಳಿಗೆ ನಮ್ಮ ಕೋಚಿಂಗ್ ಕ್ಯಾಂಪ್‌ಗಳಲ್ಲಿ ಪಾಠವೇ ಇಲ್ಲ ಎಂಬುದು ನನ್ನ ತಕರಾರು. ನೆಟ್ಸ್‌ನಲ್ಲಿ ಚೆಂಡಿನ ಬೆನ್ನಿಗೇ ಚೆಂಡು ಬರುತ್ತದೆ, ಬಿಡುವೇ ಇಲ್ಲ. ಪಂದ್ಯದಲ್ಲಿ ಬಹುಪಾಲು ಬಿಡುವೇ.

ಧ್ಯಾನ ನಮ್ಮ ನೆಲದ್ದೇ ಅಲ್ಲವೇ ಎನ್ನುವವರಿಗೆ ನನ್ನ ಉತ್ತರ ಒಂದೇ. ಹೌದು, ಆದರೆ ಅದು ನಮ್ಮ ಆಟಗಾರರ ದಿನಚರಿಯಲ್ಲಿ ಎಷ್ಟು ಗಂಟೆಗೆ ಇದೆ? ರಾಷ್ಟ್ರೀಯ ತಂಡಗಳಿಗೆ ಈಗ ನೆರವು ಸಿಗುತ್ತಿದೆ. 2011ರ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆಗಿದ್ದ ಪ್ಯಾಡಿ ಅಪ್ಟನ್ 2024ರ ಪ್ಯಾರಿಸ್ ಕಂಚಿನ ಹಾಕಿ ತಂಡದ ಜೊತೆಗೂ, ಅದೇ ವರ್ಷ ಚೆಸ್ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಜೊತೆಗೂ ಮನಸ್ಸಿನ ತಯಾರಿಗಾಗಿ ದುಡಿದರು. ಹಾವೇರಿಯ ಕುಸ್ತಿ ಅಖಾಡಕ್ಕೆ, ಕೊಡಗಿನ ಶಾಲೆಯ ಹಾಕಿ ಮೈದಾನಕ್ಕೆ ಅದು ಇಳಿದುಬರಬೇಕಾಗಿದೆ.

ಇಳಿದುಬರುವಾಗ ಕೆಲವು ಅಪಾಯಗಳನ್ನು ತಡೆಯಬೇಕು. ಖಿನ್ನತೆ, ತೀವ್ರ ಆತಂಕ, ನಿದ್ದೆಗೇಡು ಇರುವ ಆಟಗಾರನಿಗೆ ಉಸಿರು ಗಮನಿಸು ಎಂದು ಕೂರಿಸುವುದು ಚಿಕಿತ್ಸೆಯಲ್ಲ, ಆತನಿಗೆ ವೈದ್ಯರು ಬೇಕು. ಹಳೆಯ ಆಘಾತ ಇರುವವರಿಗೆ ಕಣ್ಣುಮುಚ್ಚಿ ಕೂರುವುದು ಕೆಲವೊಮ್ಮೆ ಸಂಕಟವನ್ನು ಹೆಚ್ಚಿಸುತ್ತದೆ. ಇನ್ನೊಂದನ್ನು ಒತ್ತಿ ಹೇಳಬೇಕು. ಹೊಟ್ಟೆ ತುಂಬ ಊಟವಿಲ್ಲದ ಹಾಸ್ಟೆಲ್, ಮುಲಾಜಿನ ಆಯ್ಕೆ, ಹೆಣ್ಣುಮಕ್ಕಳಿಗೆ ಭದ್ರತೆಯಿಲ್ಲದ ಕ್ಯಾಂಪ್, ಗಾಯ ಮಾಯುವ ಮೊದಲೇ ಆಡಿಸುವ ಒತ್ತಾಯ ಇವುಗಳನ್ನು ಹಾಗೇ ಬಿಟ್ಟು ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ತರಬೇತಿ ಕೊಡುವುದು ಅನ್ಯಾಯ. ಸಿಟ್ಟು ಬರಬೇಕಾದ ಕಡೆ ಸಿಟ್ಟು ಬರಲೇಬೇಕು. ಎಚ್ಚರದ ಅಭ್ಯಾಸ ಮಾಡಿದ ಹುಡುಗಿಗೆ ತನ್ನ ಮೈ ‘ಇದು ಸರಿಯಿಲ್ಲ’ ಎನ್ನುತ್ತಿರುವುದು ಬೇಗ ಕೇಳಿಸುತ್ತದೆ, ಕೇಳಿಸಿದಾಗ ಆಕೆಯ ಮಾತಿಗೆ ಕಿವಿಗೊಡುವವರು ಅಲ್ಲಿರಬೇಕು.

ಶಾಲಾ ತಂಡ ನೋಡಿಕೊಳ್ಳುವ ದೈಹಿಕ ಶಿಕ್ಷಕರಿಗೆ ಈ ಅಭ್ಯಾಸಕ್ಕೆ ಆ್ಯಪ್ ಬೇಡ, ದುಬಾರಿ ಒಂದು ದಿನದ ಕಾರ್ಯಾಗಾರವಂತೂ ಬೇಡವೇ ಬೇಡ. ಫೈನಲ್‌ನ ಹಿಂದಿನ ರಾತ್ರಿ ಶುರುಮಾಡಿದರೆ ಏನೂ ಆಗದು, ಆಗುವುದಿದ್ದರೆ ಗೊಂದಲ. ಋತು ಆರಂಭವಾಗುವ ಎರಡು ತಿಂಗಳು ಮೊದಲೇ, ವಾರ್ಮ್‌ಅಪ್ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಮೊದಲ ವಾರಗಳಲ್ಲಿ ಮಕ್ಕಳು ನಗುತ್ತಾರೆ, ಗುಸುಗುಸು ಮಾಡುತ್ತಾರೆ, ಬೈಯಬೇಡಿ. ಮೂರನೇ ವಾರದಿಂದ ಅದನ್ನು ಆಟದೊಳಕ್ಕೆ ತನ್ನಿ: ಪೆನಾಲ್ಟಿ ತಪ್ಪಿದ ಹುಡುಗನನ್ನು ಪಕ್ಕಕ್ಕೆ ಕಳಿಸದೆ, ಒಂದು ಉಸಿರು ತೆಗೆದುಕೊಂಡು ತಕ್ಷಣ ಇನ್ನೊಂದು ಹೊಡೆಯಲು ಹೇಳಿ. ಎಷ್ಟು ಗೋಲಾಯಿತು ಎಂದು ಬರೆದಿಡುವ ಪುಸ್ತಕದಲ್ಲೇ ಇನ್ನೊಂದು ಕಾಲಂ ಹಾಕಿ, ತಪ್ಪಿದ ಮೇಲಿನ ಮೊದಲ ಹೊಡೆತ ಏನಾಯಿತು ಎಂದು ಬರೆಯಿರಿ.